ಹಳೆ ಸ್ಟೇಷನ್ ವ್ಯಾಗನ್‌ಗೆ ಮತ್ತೆ ಮರದ ಮೈ: ವಿನೈಲ್ ಕೀಳುವುದು, ಹೊಸದು ಅಂಟಿಸುವುದು

ಮರದ ಗೆರೆಯ ವಿನೈಲ್ ಹೊದ್ದ ಹಳೆ ಸ್ಟೇಷನ್ ವ್ಯಾಗನ್ (ಹಿಂದೆ ಸಾಮಾನಿಗೆ ಉದ್ದ ಜಾಗವಿರುವ ಕಾರು) ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ, ಹೊಸ ಶೀಟ್ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎನ್ನುವುದು. ಇವತ್ತು ಆ ಪ್ರಶ್ನೆಗೆ ನಾನು ಬೇಕೆಂದೇ ತಡವಾಗಿ ಬರುತ್ತೇನೆ. ಹೊಸ ಶೀಟ್ ಅಂಟಿಸುವುದು ಒಂದು ಶನಿವಾರ, ಭಾನುವಾರದಲ್ಲಿ ಮುಗಿಯುವ ಕೆಲಸ. ಹಳೆಯದನ್ನು ಕೀಳುವುದು, ಅಂಟು ತೆಗೆಯುವುದು, ಅಡಿಯ ತಗಡು ಸರಿಮಾಡುವುದು, ಬಣ್ಣ ಒಣಗುವವರೆಗೆ ಕಾಯುವುದು ಇವೆಲ್ಲ ಸೇರಿದರೆ ವಾರಗಟ್ಟಲೆ ಹಿಡಿಯುತ್ತದೆ. ಹೊಸ ಶೀಟ್ ವರ್ಷಾನುಗಟ್ಟಲೆ ನಿಲ್ಲುತ್ತದೋ, ಎರಡನೇ ಬೇಸಿಗೆಗೇ ಅಂಚು ಬಿಡುತ್ತದೋ ಎನ್ನುವುದು ತೀರ್ಮಾನವಾಗುವುದು ಈ ವಾರಗಳಲ್ಲೇ.

ಗಾಡಿಯ ಹಿನ್ನೆಲೆ ಒಂದಿಷ್ಟು ಗೊತ್ತಿದ್ದರೆ ಕೆಲಸಕ್ಕೆ ಅನುಕೂಲ. ಅಮೆರಿಕದ ಈ ವ್ಯಾಗನ್‌ಗಳ ಮೈ ಒಂದು ಕಾಲಕ್ಕೆ ನಿಜವಾಗಿಯೂ ಮರದ್ದೇ ಆಗಿತ್ತು. ಫೋರ್ಡ್ ಕಂಪನಿ ಮಿಷಿಗನ್ ರಾಜ್ಯದ ಐರನ್ ಮೌಂಟನ್ ಬಳಿ ತನ್ನದೇ ಮರದ ಕಾರ್ಖಾನೆ ನಡೆಸಿ, ಮೇಪಲ್, ಬರ್ಚ್ ಮರಗಳಲ್ಲಿ ಬಾಡಿ ಕಟ್ಟಿಸುತ್ತಿತ್ತು. ಚೌಕಟ್ಟಿಗೆ ತಿಳಿ ಬಣ್ಣದ ಮರ, ನಡುವಿನ ಹಲಗೆಗೆ ಮಹಾಗನಿಯ ಗಾಢ ಬಣ್ಣ. ಮಳೆ, ಹಿಮ, ಬಿಸಿಲಿಗೆ ಸಂದು ಬಿಡುವ ಆ ಮೈಗೆ ಮೇಲಿಂದ ಮೇಲೆ ವಾರ್ನಿಷ್ ಹೊಡೆಯಬೇಕಿತ್ತು. 1953ರ ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್ ಆದಮೇಲೆ ಅಲ್ಲಿನ ದೊಡ್ಡ ಕಂಪನಿಗಳು ಮರದ ಬಾಡಿಯನ್ನು ಕೈಬಿಟ್ಟವು. ಉಕ್ಕಿನ ಮೈ ಮೇಲೆ ಮರದ ಚಿತ್ರವಿರುವ ತೆಳು ಹಾಳೆ ಬಂತು. ಅಂಥ ಹಾಳೆಯ ಒಂದು ಬ್ರಾಂಡಾದ ಡೈ-ನಾಕ್ ಹೆಸರನ್ನು ನೀವು ಕೇಳಿರಬಹುದು. ಇವತ್ತು ಅದು ತ್ರೀಎಂ ಕಂಪನಿಯದು. ಫೋರ್ಡ್ ಕಂಟ್ರಿ ಸ್ಕ್ವಾಯರ್ 1991ರವರೆಗೆ ಹೀಗೇ ಬಂತು. ಜೀಪ್ ಗ್ರ್ಯಾಂಡ್ ವ್ಯಾಗನೀರ್ ನಿಂತದ್ದೂ ಅದೇ 1991ರಲ್ಲಿ. ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್ 1996ರವರೆಗೆ ಎಳೆಯಿತು. ಅಂದರೆ ಈ ಸಾಲಿನ ಕೊನೆಯ ಗಾಡಿಗೂ ಈಗ ಮೂವತ್ತರ ಆಸುಪಾಸು ವಯಸ್ಸು. ಅದರ ಮೇಲಿರುವುದು ಕಾರ್ಖಾನೆಯ ವಿನೈಲೇ ಆಗಿದ್ದರೆ ಅದರ ಆಯಸ್ಸು ಮುಗಿದಿದೆ ಎಂದುಕೊಂಡೇ ಕೆಲಸಕ್ಕೆ ಇಳಿಯಿರಿ.

ವಿನೈಲ್ ಅಂದರೆ ಪಿವಿಸಿ. ಪಿವಿಸಿ ತಾನಾಗಿ ಗಡುಸು, ಪೆಡಸು. ಅದನ್ನು ಬಾಗುವ ಹಾಗೆ ಮಾಡಲು ಎಣ್ಣೆಯಂಥ ಒಂದು ಪ್ಲಾಸ್ಟಿಸೈಸರ್ ಸೇರಿಸಿರುತ್ತಾರೆ. ಬಿಸಿಲಿಗೆ, ಕಾವಿಗೆ ಅದು ವರ್ಷ ವರ್ಷ ಹೊರಬಿದ್ದು ಹೋಗುತ್ತದೆ. ಜೊತೆಗೆ ಬಿಸಿಲಿನ ನೇರಳಾತೀತ ಕಿರಣ ಹಾಳೆಯನ್ನೇ ಮುರಿಯುತ್ತದೆ. ಮೊದಲು ಬಣ್ಣ ಮಾಸುತ್ತದೆ, ಆಮೇಲೆ ಹಾಳೆ ಕುಗ್ಗಿ ಅಂಚುಗಳಲ್ಲಿ ಹಿಂದೆ ಸರಿಯುತ್ತದೆ, ಕೊನೆಗೆ ಕೆರೆಯ ತಳ ಬಿರಿದ ಹಾಗೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರಿಳಿದರೆ ಅಡಿಯ ತಗಡಿಗೆ ತುಕ್ಕು. ಗಮನಿಸಿ, ಗಾಡಿಯ ಎಲ್ಲ ಭಾಗವೂ ಒಂದೇ ಸಮ ಹಾಳಾಗುವುದಿಲ್ಲ. ಕಿಟಕಿಯ ಕೆಳಗೆ ಆಕಾಶಕ್ಕೆ ಮುಖ ಮಾಡಿದ ಏಣು, ಬಾನೆಟ್ ಪಕ್ಕದ ಮಡ್‌ಗಾರ್ಡಿನ ಮೇಲ್ಭಾಗ, ಗಾಡಿ ನಿಲ್ಲಿಸುವ ಜಾಗದಲ್ಲಿ ಬಿಸಿಲಿಗೆ ಒಡ್ಡಿಕೊಳ್ಳುವ ಬದಿ ಮೊದಲು ಹೋಗುತ್ತವೆ. ಒಂದೇ ಬಾಗಿಲಲ್ಲಿ ಕೆಳಗಿನ ಅರ್ಧ ರಬ್ಬರಿನಂತೆ ಸಲೀಸಾಗಿ ಬರುತ್ತದೆ, ಮೇಲಿನ ಅರ್ಧ ಉಗುರಿನಷ್ಟಗಲದ ಚೂರಾಗುತ್ತದೆ. ಹಾಗಾಗಿ ಒಂದೇ ಗಾಡಿಗೆ ಎರಡು ಮೂರು ವಿಧಾನ ಬೇಕಾಗುತ್ತದೆ.

ಹಳೆಯದರ ಮೇಲೇ ಹೊಸದನ್ನು ಅಂಟಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಈ ಹಾಳೆಗಳ ದಪ್ಪ 50ರಿಂದ 100 ಮೈಕ್ರಾನ್. ಅಡಿಯ ಒಂದೊಂದು ಬಿರುಕೂ ಮೇಲೆ ಎದ್ದು ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೊಸ ಹಾಳೆ ಹಿಡಿದುಕೊಂಡಿರುವುದು ತಗಡನ್ನಲ್ಲ, ಸತ್ತ ಹಾಳೆಯನ್ನು. ಹಳೆಯದು ಬಿಟ್ಟ ದಿನ ಹೊಸದೂ ಅದರ ಜೊತೆಗೇ ಬರುತ್ತದೆ.

ಕೀಳುವ ಮೊದಲು ಅರ್ಧ ದಿನ ಬರೀ ನೋಡುವುದಕ್ಕೆ, ಅಳೆಯುವುದಕ್ಕೆ ಇಡಿ. ಒಮ್ಮೆ ಕಿತ್ತಮೇಲೆ ಹಾಳೆ ಎಲ್ಲಿ ನಿಂತಿತ್ತು ಎಂದು ಹೇಳುವವರು ಯಾರೂ ಇರುವುದಿಲ್ಲ. ಬಾಗಿಲು ತೆರೆದು ಅಂಚಿನ ಫೋಟೊ ತೆಗೆಯಿರಿ: ಹಾಳೆ ಬಾಗಿಲ ಅಂಚು ಸುತ್ತಿ ಒಳಗೆ ಎಷ್ಟು ಹೋಗಿದೆ, ಮೂಲೆಯಲ್ಲಿ ಎಲ್ಲಿ ಕತ್ತರಿಸಿದ್ದಾರೆ, ಪೆಟ್ರೋಲ್ ಮುಚ್ಚಳದ ಸುತ್ತ ಹೇಗೆ ತಿರುವಿದ್ದಾರೆ. ಪ್ರತಿ ಭಾಗಕ್ಕೂ ದಪ್ಪ ಕಾಗದ ಅಂಟಿಸಿ, ಅಂಚು ಗುರುತು ಹಾಕಿ, ಎಡ ಬಲ, ಮುಂದು ಹಿಂದು ಬರೆದಿಡಿ. ಮಾಸ್ಕಿಂಗ್ ಟೇಪನ್ನು ಹಾಳೆಯ ಮೇಲಿನ ಗಡಿಗೆ ಸರಿಯಾಗಿ, ಆದರೆ ಬಣ್ಣದ ಕಡೆಗೆ ಎಳೆದು ಬಿಟ್ಟರೆ ಆ ಗಡಿ ಹಾಗೇ ಉಳಿಯುತ್ತದೆ.

ಬಣ್ಣದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸುತ್ತ ಇರುವ ಬೀಡಿಂಗ್ ಪಟ್ಟಿ ಬಿಚ್ಚಿದಾಗ ಅದರ ಅಡಿಯಲ್ಲಿ ಒಂದೆರಡು ಬೆರಳಗಲ ಹಾಳೆ ಕಾಣುತ್ತದೆ. ಅದಕ್ಕೆ ಬಿಸಿಲು ತಾಗಿಯೇ ಇಲ್ಲ. ಕಾರ್ಖಾನೆ ಕೊಟ್ಟ ನಿಜವಾದ ಬಣ್ಣ ಅದು. ಬಾಗಿಲ ನಡುವೆ ಕಾಣುವ ಮಾಸಿದ ಬೂದು ಕಂದನ್ನು ನೋಡಿ ಹೊಸ ಶೀಟ್ ಆರಿಸುವವರು ಹೆಚ್ಚು. ಆಮೇಲೆ ಹಳೆ ಫೋಟೊ ಪಕ್ಕ ಇಟ್ಟಾಗ ಗಾಡಿ ಬೇರೆಯದೇ ಅನ್ನಿಸುತ್ತದೆ. ಬೀಡಿಂಗ್ ಅಡಿಯಿಂದ ಅಂಗೈಯುದ್ದದ ಎರಡು ತುಂಡು ಬಿಡಿಸಿಕೊಳ್ಳಿ, ಬಿಳಿ ಕಾರ್ಡಿಗೆ ಅಂಟಿಸಿ ಕತ್ತಲಲ್ಲಿಡಿ. ಶೀಟ್ ಮಾರುವವರು ಸ್ಯಾಂಪಲ್ ಕೊಡುತ್ತಾರೆ. ಅದನ್ನು ಈ ಕಾರ್ಡಿನ ಪಕ್ಕ ಹಗಲು ಬೆಳಕಲ್ಲಿ ಹಿಡಿದು ನೋಡಿ. ಬಣ್ಣದ ಜೊತೆಗೆ ಗೆರೆಗಳ ದಟ್ಟಣೆ, ಹೊಳಪು ಎರಡೂ ಹೊಂದಬೇಕು. ಮನೆಯ ಪೀಠೋಪಕರಣಕ್ಕೆ ಬರುವ ಹಾಳೆಗಳಲ್ಲಿ ಗೆರೆ ಸಾಮಾನ್ಯವಾಗಿ ದೊಡ್ಡದು. ಕಾರಿನ ಬದಿಗೆ ಅದು ಒಗ್ಗುವುದಿಲ್ಲ.

ಈಗ ಬೀಡಿಂಗ್. ಗಾಡಿಯಿಂದ ಗಾಡಿಗೆ, ವರ್ಷದಿಂದ ವರ್ಷಕ್ಕೆ ಇದು ಬದಲಾಗುತ್ತದೆ. ಕೆಲವು ಕ್ಲಿಪ್ಪಿನ ಮೇಲೆ ಕೂತಿರುತ್ತವೆ, ಕೆಲವು ಹಿಂದಿನಿಂದ ಬೋಲ್ಟಿನಂತೆ ಹೊರಟ ಕಡ್ಡಿಗೆ ನಟ್ ಹಾಕಿ ಬಿಗಿದಿರುತ್ತವೆ. ಹೊರಗಿನಿಂದ ಎಬ್ಬುವ ಮೊದಲು ಬಾಗಿಲ ಒಳ ಪ್ಯಾಡ್ ಬಿಚ್ಚಿ ನಟ್ ಇದೆಯೇ ನೋಡಿ. ನಟ್ ಬಿಚ್ಚದೆ ಸ್ಕ್ರೂಡ್ರೈವರ್‌ನಿಂದ ಎಬ್ಬಿದರೆ ಪಟ್ಟಿ ಮುರಿಯುತ್ತದೆ, ಮುರಿದ ಪಟ್ಟಿಗೆ ಬದಲಿ ಸಿಗುವುದು ಕಷ್ಟ. ಶೀಟ್ ಯಾವಾಗ ಬೇಕಾದರೂ ಸಿಗುತ್ತದೆ, ಆ ಪಟ್ಟಿ ಸಿಗುವುದಿಲ್ಲ. ಹಿಂದಿನ ದಿನವೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಪ್ಲಾಸ್ಟಿಕ್ ಅಥವಾ ಫೈಬರ್ ಪಟ್ಟಿಯಾದರೆ ಬಿಸಿ ಗಾಳಿ ಊದುವ ಹೀಟ್ ಗನ್‌ನಿಂದ ಕೈಗೆ ಬೆಚ್ಚಗೆನಿಸುವಷ್ಟು ಕಾಯಿಸಿ, ಪ್ಲಾಸ್ಟಿಕ್ ಉಪಕರಣದಿಂದ ಒಂದೊಂದು ಕ್ಲಿಪ್ಪಿನ ಪಕ್ಕದಲ್ಲೇ ಎಬ್ಬುತ್ತ ಹೋಗಿ. ಚಳಿಯಲ್ಲಿ ಈ ಕೆಲಸ ಬೇಡ. ಬಿಚ್ಚಿದ ಪಟ್ಟಿಯ ಹಿಂಬದಿಗೆ ಟೇಪ್ ಅಂಟಿಸಿ ಜಾಗ ಬರೆಯಿರಿ. ಬಾಗಿಲ ಹಿಡಿ, ಬೀಗದ ಸಿಲಿಂಡರ್, ಬದಿಯ ದೀಪ, ಹೆಸರಿನ ಬ್ಯಾಡ್ಜ್, ಹಿಂಬಾಗಿಲ ನಂಬರ್ ಪ್ಲೇಟ್ ದೀಪ ಎಲ್ಲ ಹೊರಬರಬೇಕು. ಹಿಡಿಯ ಸುತ್ತ ಬ್ಲೇಡಿನಿಂದ ಕತ್ತರಿಸಿ ಮುಗಿಸಿದ ಗಾಡಿಯಲ್ಲಿ ಮೊದಲು ಸುರುಳಿಯಾಗಿ ಏಳುವುದು ಆ ಅಂಚೇ.

ಕೀಳುವ ಕೆಲಸಕ್ಕೆ ಬರೋಣ. ಹಾಳೆಗೆ ಇನ್ನೂ ಜೀವ ಇರುವ ಕಡೆ ಕಾವು ಸಾಕು. ಒಂದಡಿ ಚದರದಷ್ಟು ಜಾಗವನ್ನು ಹೀಟ್ ಗನ್ ಆಡಿಸುತ್ತ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಅಂದಾಜಿಗೆ ಬಿಡಬೇಡಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಅಗ್ಗಕ್ಕೆ ಸಿಗುತ್ತದೆ. ಮೂಲೆಯನ್ನು ಪ್ಲಾಸ್ಟಿಕ್ ಬ್ಲೇಡಿನಿಂದ ಎಬ್ಬಿಸಿ, ಹಾಳೆಯನ್ನು ಅದರ ಮೇಲೇ ಹಿಂದಕ್ಕೆ ಮಡಚಿ, ತಗಡಿಗೆ ಹತ್ತಿರವಾಗಿ ನಿಧಾನಕ್ಕೆ ಎಳೆಯಿರಿ. ನೇರ ಹೊರಕ್ಕೆ ಎಳೆದರೆ ಬಣ್ಣವೂ ಎದ್ದು ಬರುತ್ತದೆ. ಕೈಯ ವೇಗ ಸರಿಯಿದ್ದರೆ ಅಂಟೂ ಹಾಳೆಯ ಜೊತೆ ಬರುತ್ತದೆ. ಹಾಳೆ ಹಿಗ್ಗಿ ಹರಿಯುತ್ತಿದ್ದರೆ ಕಾವು ಹೆಚ್ಚಾಗಿದೆ. ಚಟಚಟನೆ ಮುರಿಯುತ್ತಿದ್ದರೆ ಕಾವು ಸಾಲದು, ಅಥವಾ ಹಾಳೆ ಸತ್ತಿದೆ. ಹೊಗೆ ಕಂಡರೆ ತಕ್ಷಣ ನಿಲ್ಲಿಸಿ. ಸುಟ್ಟ ಪಿವಿಸಿಯಿಂದ ಬರುವುದು ಹೈಡ್ರೋಜನ್ ಕ್ಲೋರೈಡ್ ಅನಿಲ, ಗಂಟಲಿಗೂ ಶ್ವಾಸಕೋಶಕ್ಕೂ ಕೆಟ್ಟದ್ದು. ಬೆಂಕಿಯ ಟಾರ್ಚ್ ಈ ಕೆಲಸಕ್ಕೆ ಬೇಡವೇ ಬೇಡ. ಅಗಲವಾದ ಸಪಾಟು ತಗಡು ಹೆಚ್ಚು ಕಾದರೆ ಅಲೆಯಾಗಿ ಉಬ್ಬುತ್ತದೆ, ಅದನ್ನು ಮತ್ತೆ ನೇರ ಮಾಡುವುದು ಟಿಂಕರಿಂಗ್ ಬಲ್ಲವರಿಗೂ ತಲೆನೋವು.

ಸತ್ತ ಹಾಳೆಗೆ ಗೋಡೆಯ ಕಾಗದ ಬಿಡಿಸುವ ಸ್ಟೀಮರ್ ಒಳ್ಳೆಯದು. ಆವಿ ನೂರು ಡಿಗ್ರಿ ದಾಟುವುದಿಲ್ಲ, ಬಣ್ಣ ಸುಡುವ ಭಯ ಕಡಿಮೆ. ಒಂದು ಕೈಯಲ್ಲಿ ಆವಿ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಬ್ಲೇಡ್. ಬ್ಲೇಡನ್ನು ಮಲಗಿಸಿ ತಳ್ಳಬೇಕು.

ಅದಕ್ಕೂ ಬಗ್ಗದಿದ್ದರೆ ರಬ್ಬರ್ ಚಕ್ರ. ಸ್ಟಿಕ್ಕರ್ ಪಟ್ಟಿ ತೆಗೆಯಲು ಬರುವ, ಅಕ್ಕರೆಯಿಂದ ಕ್ಯಾರಮೆಲ್ ವೀಲ್ ಎಂದು ಕರೆಯುವ ಚಕ್ರ ಅದು. ನಾಲ್ಕಿಂಚಿನ ಚಕ್ರದ ಗರಿಷ್ಠ ವೇಗ ನಿಮಿಷಕ್ಕೆ 4,000 ಸುತ್ತು. ಇದನ್ನು ಎರಡು ಸಲ ಹೇಳುವುದಕ್ಕೆ ಕಾರಣವಿದೆ: 4,000. ನಮ್ಮ ಗ್ಯಾರೇಜುಗಳಲ್ಲಿ ಕೈಗೆ ಸಿಗುವ ನಾಲ್ಕಿಂಚಿನ ಆಂಗಲ್ ಗ್ರೈಂಡರ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟುತ್ತದೆ. ಅದಕ್ಕೆ ಸಿಕ್ಕಿಸಿದರೆ ಚಕ್ರ ಸಿಡಿಯುತ್ತದೆ. ಸಾಮಾನ್ಯ ಡ್ರಿಲ್ ಮೆಷಿನ್ ಸಾಕು. ಚಕ್ರವನ್ನು ಹಗುರವಾಗಿ ತಾಗಿಸಿ, ಒಂದೇ ಕಡೆ ನಿಲ್ಲಿಸದೆ, ಹಾಳೆಯ ಅಂಚಿನಿಂದ ಒಳಕ್ಕೆ ತಿನ್ನಿಸುತ್ತ ಹೋಗಿ. ಒತ್ತಿದರೆ ಕಾವು ಹೆಚ್ಚಿ, ರಬ್ಬರು, ಅಂಟು, ಬಣ್ಣ ಮೂರೂ ಕಲಸಿಕೊಂಡು ಮೆತ್ತುತ್ತದೆ. ಬಾಡಿಯ ಏಣು ಬಂದಲ್ಲಿ ಚಕ್ರ ಎತ್ತಿ, ಅಲ್ಲಿ ಕೈಯಲ್ಲೇ ಮಾಡಿ. ಏಣಿನ ಮೇಲೆ ಬಣ್ಣ ತೆಳುವಾಗಿರುತ್ತದೆ, ಎರಡು ಕ್ಷಣದಲ್ಲಿ ಪ್ರೈಮರ್ ಕಾಣುತ್ತದೆ. ಕಣ್ಣಿಗೆ ಮುಚ್ಚಿದ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಪುಡಿ ಗ್ಯಾರೇಜಿನ ತುಂಬ ಹಾರುತ್ತದೆ, ಎಂಜಿನ್ನಿನ ಗಾಳಿ ದಾರಿ, ಕಿಟಕಿ ಸಂದು ಮುಚ್ಚಿರಲಿ.

ಉಳಿದ ಅಂಟು. ಇಲ್ಲೇ ಹೆಚ್ಚು ಗಾಡಿಗಳು ಹಾಳಾಗುವುದು, ಯಾಕೆಂದರೆ ಬೇಸತ್ತ ಕೈ ಥಿನ್ನರ್ ಡಬ್ಬಿಗೆ ಹೋಗುತ್ತದೆ. ಜನರಲ್ ಮೋಟರ್ಸ್ ದಶಕಗಳ ಕಾಲ ಅಕ್ರಿಲಿಕ್ ಲ್ಯಾಕರ್ ಬಣ್ಣ ಬಳಸಿತು. ಲ್ಯಾಕರ್ ಎಷ್ಟು ವರ್ಷ ಕಳೆದರೂ ತನ್ನ ಥಿನ್ನರಿಗೆ ಮತ್ತೆ ಕರಗುತ್ತದೆ. ಅಸಿಟೋನ್ ಹಾಕಿದರೂ ಅಷ್ಟೇ, ಅಂಟಿಗಿಂತ ಮೊದಲು ಬಣ್ಣ ಬಟ್ಟೆಗೆ ಬರುತ್ತದೆ. ಎನಾಮೆಲ್ ಬಣ್ಣ ಅಷ್ಟು ಬೇಗ ಕರಗದು, ಆದರೆ ಮೆತ್ತಗಾಗಿ ಸುಕ್ಕುಗಟ್ಟಬಹುದು. ತೊಂಬತ್ತರ ದಶಕದ ರೋಡ್‌ಮಾಸ್ಟರ್‌ನಂಥ ಗಾಡಿಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪನ ಇರುತ್ತದೆ, ಅಲ್ಲಿ ಭಯ ಬೇರೆ: ಕ್ಲಿಯರ್ ಈಗಾಗಲೇ ಸಡಿಲವಾಗಿದ್ದರೆ ಹಾಳೆಯ ಜೊತೆ ಅದೂ ಎದ್ದು ಬರುತ್ತದೆ. ನಿಮ್ಮದು ಯಾವುದು ಎಂದು ತಿಳಿಯಲು ಬಾಗಿಲ ಒಳ ಅಂಚಿನಂಥ ಮರೆಯ ಜಾಗದಲ್ಲಿ ಲ್ಯಾಕರ್ ಥಿನ್ನರ್ ಅದ್ದಿದ ಹತ್ತಿಯಿಂದ ಉಜ್ಜಿ ನೋಡಿ. ಬಣ್ಣ ಸರಾಗ ಕರಗಿ ಹತ್ತಿಗೆ ಬಂದರೆ ಲ್ಯಾಕರ್. ಪಾಲಿಶ್ ಹಾಕಿ ಉಜ್ಜಿದಾಗ ಬಟ್ಟೆಗೆ ಗಾಡಿಯ ಬಣ್ಣ ಬರದಿದ್ದರೆ ಮೇಲೆ ಕ್ಲಿಯರ್ ಇದೆ.

ಅಂಟು ತೆಗೆಯಲು ಕಿತ್ತಳೆ ಸಿಪ್ಪೆಯ ಎಣ್ಣೆಯಿಂದ ಮಾಡಿದ ದ್ರಾವಕ, ಮಿನರಲ್ ಸ್ಪಿರಿಟ್ ಅಥವಾ ಬಾಡಿ ಶಾಪಿನವರು ಬಳಸುವ ಅಡ್ಹೆಸಿವ್ ರಿಮೂವರ್ ಸಾಕು. ಹಚ್ಚಿದ ಕೂಡಲೇ ಕೆರೆಯುವುದಲ್ಲ. ದ್ರಾವಕ ಹಚ್ಚಿ, ಮೇಲೆ ಅಡುಗೆ ಮನೆಯ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ. ಅಂಟು ಉಬ್ಬಿ ಸಡಿಲವಾಗುತ್ತದೆ, ಆಗ ಪ್ಲಾಸ್ಟಿಕ್ ಬ್ಲೇಡಿಗೆ ಮುದ್ದೆಯಾಗಿ ಬರುತ್ತದೆ. ಬಟ್ಟೆಯಿಂದ ಗುಂಡಗೆ ಉಜ್ಜಿದರೆ ಅಂಟು ತೆಳುವಾಗಿ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಒಂದೇ ದಿಕ್ಕಿಗೆ ಒರೆಸಿ, ಬಟ್ಟೆಯ ಮುಖ ಬದಲಾಯಿಸುತ್ತಿರಿ. ಎಣ್ಣೆಯಂಶವಿರುವ ದ್ರಾವಕವಾದ್ದರಿಂದ ಆಮೇಲೆ ಸೋಪು ನೀರಲ್ಲಿ ತೊಳೆಯಲೇಬೇಕು. ದ್ರಾವಕ ಬಳಸುವಾಗ ಹೀಟ್ ಗನ್ ಆರಿಸಿ ದೂರ ಇಟ್ಟಿರಬೇಕು.

ಹೇಗೂ ಪೂರ್ತಿ ಬಣ್ಣ ತೆಗೆಯುತ್ತೇನೆ, ಪೇಂಟ್ ರಿಮೂವರ್ ಹಾಕಿ ಎಲ್ಲ ಒಟ್ಟಿಗೆ ಮುಗಿಸುತ್ತೇನೆ ಎನ್ನುವವರೂ ಇದ್ದಾರೆ. ಮಾಡಬಹುದು. ಆದರೆ ಅಮೆರಿಕದಲ್ಲಿರುವವರಿಗೆ ಒಂದು ವಿಷಯ: ಮೆಥಿಲೀನ್ ಕ್ಲೋರೈಡ್ ಇರುವ ಹಳೆ ಜೋರು ರಿಮೂವರುಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2019ರಲ್ಲಿ ನಿಷೇಧಿಸಿತು. ಅದರ ಆವಿಯಿಂದ ಮುಚ್ಚಿದ ಜಾಗಗಳಲ್ಲಿ ಜನ ಸತ್ತಿದ್ದಾರೆ. ಯಾರದೋ ಶೆಡ್ಡಿನಲ್ಲಿ ಉಳಿದ ಹಳೆ ಡಬ್ಬಿ ಸಿಕ್ಕಿತೆಂದು ಬಳಸಬೇಡಿ.

ಹಾಳೆ, ಅಂಟು ಹೋಗಿ ತಗಡು ಬಯಲಾದಾಗ ಗಾಡಿಯ ನಿಜಸ್ಥಿತಿ ಗೊತ್ತಾಗುತ್ತದೆ. ಹಾಳೆಯ ಮೇಲೆ ಗುಳ್ಳೆ ಕಂಡಿದ್ದರೆ ಅಡಿಯಲ್ಲಿ ತುಕ್ಕು ಇದ್ದೇ ಇರುತ್ತದೆ. ಮೊದಲು ನೋಡಬೇಕಾದ್ದು ಬೀಡಿಂಗ್ ತೂತುಗಳ ಸುತ್ತ, ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳ ಅಂಚು, ಹಿಂಬಾಗಿಲ ತಳ. ತೂತಿನ ಸುತ್ತ ತುಕ್ಕು ಯಾಕೆಂದರೆ ಅಲ್ಲಿ ಮೇಣದಂಥ ಸೀಲಂಟ್ ಒಣಗಿ ನೀರು ಕೂತಿರುತ್ತದೆ. ಹೊರಗಿನಿಂದ ಸಾಸಿವೆ ಕಾಳಿನಷ್ಟು ಕಂಡದ್ದು ಒಳಗೆ ನಾಣ್ಯದಗಲ ತಿಂದಿರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತಗಡು ಒಳಕ್ಕೆ ಹೋದರೆ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ತೂತಿಗೆ ಪುಟ್ಟಿ ಮೆತ್ತಿ ಮೇಲೆ ಶೀಟ್ ಹಾಕಿದರೆ ಪುಟ್ಟಿ ಹಿಂದಿನಿಂದ ನೀರು ಹೀರಿ ಉಬ್ಬುತ್ತದೆ, ಆಗ ಶೀಟೂ ಹೋಗುತ್ತದೆ.

ಮೇಲ್ಮೈ ತುಕ್ಕಾದರೆ 80 ಗ್ರಿಟ್‌ನ ಮರಳು ಕಾಗದದಿಂದ ಹೊಳೆಯುವ ಲೋಹದವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್, ಬೇಕಾದಲ್ಲಿ ಪುಟ್ಟಿ, ಮೇಲೆ 2ಕೆ (ಹಾರ್ಡನರ್ ಬೆರೆಸಿ ಹೊಡೆಯುವ) ಪ್ರೈಮರ್. ಹಳೆ ಹಾಳೆಯ ಗಡಿಯಲ್ಲಿ ಬಣ್ಣದ ಒಂದು ಮೆಟ್ಟಿಲು ಇರುತ್ತದೆ, ಬಿಸಿಲಿಗೆ ಸವೆದ ಬಣ್ಣಕ್ಕೂ ಮುಚ್ಚಿದ್ದ ಬಣ್ಣಕ್ಕೂ ನಡುವಿನ ವ್ಯತ್ಯಾಸ. ಕಣ್ಣು ಮುಚ್ಚಿ ಅಂಗೈ ಆಡಿಸಿ, ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಅದು ಹೋಗುವವರೆಗೆ ಬ್ಲಾಕ್ ಹಿಡಿದು ವಾಟರ್ ಪೇಪರ್ ಹಾಕಿ.

ತುಂಬ ಜನ ಪ್ರೈಮರಿಗೇ ನಿಲ್ಲಿಸುತ್ತಾರೆ. ಶೀಟ್ ಮುಚ್ಚುತ್ತದಲ್ಲ, ಬಣ್ಣಕ್ಕೆ ಯಾಕೆ ಖರ್ಚು ಎಂದು. ಇದು ತಪ್ಪು. ಪ್ರೈಮರ್ ಸೂಕ್ಷ್ಮ ರಂಧ್ರಗಳಿರುವ ಮೈ. ಅಂಟು ಅದರಲ್ಲಿ ಸರಿಯಾಗಿ ಹಿಡಿಯುವುದಿಲ್ಲ, ತೇವ ನಿಲ್ಲುತ್ತದೆ. ಮುಂದೆ ಶೀಟ್ ತೆಗೆಯಬೇಕಾದಾಗ ಪ್ರೈಮರೂ ಜೊತೆಗೆ ಬರುತ್ತದೆ. ಗಟ್ಟಿಯಾದ 2ಕೆ ಬಣ್ಣದ ಒಂದು ಪೂರ್ಣ ಲೇಪನ ಬೇಕೇ ಬೇಕು. ಅಂಚುಗಳಿಗೆ ಗಾಡಿಯ ಬಣ್ಣ ಇರಲಿ. ಹಾಳೆಯ ಅಡಿಯ ಜಾಗಕ್ಕೆ ಗೆರೆಗೆ ಹೊಂದುವ ಕಂದು ಹೊಡೆಸುವುದು ನನಗೆ ಸರಿಯೆನಿಸುತ್ತದೆ, ಮುಂದೆ ಎಲ್ಲಾದರೂ ಗೀರಾದರೆ ಬಿಳಿ ತಗಡು ಹಲ್ಲು ಕಿರಿದ ಹಾಗೆ ಕಾಣುವುದಿಲ್ಲ.

ಬಣ್ಣ ಹೊಡೆದ ಮೇಲೆ ಕಾಯಬೇಕು. ಹೊಸ ಬಣ್ಣದಿಂದ ದ್ರಾವಕದ ಆವಿ ಹೊರಬರುತ್ತಲೇ ಇರುತ್ತದೆ. ಮೇಲೆ ಶೀಟ್ ಮುಚ್ಚಿದರೆ ಆ ಆವಿಗೆ ದಾರಿಯಿಲ್ಲದೆ ಸಾಸಿವೆಯಂಥ ನೂರಾರು ಗುಳ್ಳೆ ಏಳುತ್ತವೆ. ಅವನ್ನು ಒತ್ತಿದರೂ ಹೋಗವು, ಚುಚ್ಚಿದರೂ ಮತ್ತೆ ಬರುತ್ತವೆ. ಗಾಳಿಯಲ್ಲಿ ಒಣಗಿಸಿದ ಬಣ್ಣಕ್ಕೆ ಮೂರು ನಾಲ್ಕು ವಾರ ಕೊಡಿ. ಪೇಂಟ್ ಬೂತಿನ ಕಾವಿನಲ್ಲಿ ಒಣಗಿಸಿದ್ದರೆ ಬಣ್ಣದ ಕಂಪನಿ ಹೇಳುವಷ್ಟು ದಿನ. ಸಂಶಯವಿದ್ದರೆ ಅಂಗೈಯಗಲದ ಶೀಟ್ ಅಂಟಿಸಿ, ಒಂದು ದಿನ ಬೆಚ್ಚಗಿನ ಜಾಗದಲ್ಲಿಟ್ಟು ನೋಡಿ.

ಈಗ ಶೀಟ್. ಎರಡು ಬಗೆ ಇವೆ. ಕ್ಯಾಲೆಂಡರ್ಡ್ ಎಂದರೆ ಪಿವಿಸಿ ಮುದ್ದೆಯನ್ನು ರೋಲರುಗಳ ನಡುವೆ ಒತ್ತಿ ಹಿಗ್ಗಿಸಿದ್ದು. ಅಗ್ಗ, ದಪ್ಪ. ಹಿಗ್ಗಿಸಿದ ನೆನಪು ಅದರಲ್ಲಿ ಉಳಿದಿರುತ್ತದೆ, ಬಿಸಿಲಿಗೆ ಹಿಂದಕ್ಕೆ ಕುಗ್ಗುತ್ತದೆ. ಕಾಸ್ಟ್ ಎಂದರೆ ದ್ರವವಾಗಿ ಸುರಿದು ಒಲೆಯಲ್ಲಿ ಒಣಗಿಸಿದ್ದು. ಸುಮಾರು 50 ಮೈಕ್ರಾನ್ ದಪ್ಪ, ಮೆದು, ಕುಗ್ಗುವುದು ತೀರ ಕಡಿಮೆ. ಕಾರಿನ ಮೈಗೆ ಕಾಸ್ಟ್ ಮಾತ್ರ. ಮುದ್ರಿಸಿದ ಗೆರೆಯ ಹಾಳೆ ತರಿಸುವುದಾದರೆ ಮೇಲಿನ ಪಾರದರ್ಶಕ ಲ್ಯಾಮಿನೇಟೂ ಕಾಸ್ಟ್ ಆಗಿರಬೇಕು, ಎರಡೂ ಒಂದೇ ಕಂಪನಿಯ ಜೋಡಿಯಾಗಿರಬೇಕು. ಇಲ್ಲದಿದ್ದರೆ ಎರಡು ಬೇರೆ ಬೇರೆ ಕುಗ್ಗಿ ಅಂಚು ಸುರುಳಿಯಾಗುತ್ತದೆ. ಒಳಾಂಗಣದ ಗೋಡೆ, ಕಬೋರ್ಡಿಗೆ ಮಾಡಿದ ಮರದ ಹಾಳೆಯನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೂ, ಅಮೆರಿಕದಿಂದ ತರಿಸಿದರೂ ಕೇಳಬೇಕಾದ ಪ್ರಶ್ನೆ ಒಂದೇ: ಹೊರಗಿನ ಬಿಸಿಲಿಗೆ, ವಾಹನಕ್ಕೆ ಎಂದು ಮಾಡಿದ ಕಾಸ್ಟ್ ಹಾಳೆಯೇ?

ಎಷ್ಟು ಬೇಕು ಎಂಬ ಲೆಕ್ಕದಲ್ಲಿ ಮರೆಯಬಾರದ್ದು, ಗೆರೆ ಗಾಡಿಯ ಉದ್ದಕ್ಕೆ ಮಲಗಿರಬೇಕು. ಹಾಗಾಗಿ ಎಲ್ಲ ಭಾಗವನ್ನೂ ರೋಲಿನ ಉದ್ದಕ್ಕೇ ಕತ್ತರಿಸಬೇಕು, ಅಡ್ಡಡ್ಡ ಹೊಂದಿಸಿ ಉಳಿಸಲು ಬರುವುದಿಲ್ಲ. ರೋಲಿನ ಅಗಲ ಸಾಮಾನ್ಯವಾಗಿ 48 ಅಥವಾ 60 ಇಂಚು. ಹದಿನೆಂಟು ಅಡಿಯ ಕಂಟ್ರಿ ಸ್ಕ್ವಾಯರ್‌ನಂಥ ಗಾಡಿಗೆ ಮಡ್‌ಗಾರ್ಡ್, ಮುಂಬಾಗಿಲು, ಹಿಂದಿನ ಬದಿ ಬಾಗಿಲು, ಅದರಾಚೆಯ ಬದಿ ತಗಡಾದ ಕ್ವಾರ್ಟರ್, ನಾಲ್ಕೂ ಸೇರಿ ಒಂದು ಬದಿಗೆ ಹದಿನೇಳು, ಹದಿನೆಂಟು ಅಡಿ. ಪ್ರತಿ ಭಾಗದ ನಾಲ್ಕೂ ಕಡೆ ಎರಡಿಂಚು ಹೆಚ್ಚು ಬಿಟ್ಟರೆ ಹತ್ತೊಂಬತ್ತು, ಇಪ್ಪತ್ತು. ಹಿಂಬಾಗಿಲಿಗೆ ಐದೂವರೆ. ಒಂದು ಬಾಗಿಲಿಗೆ ಆಗುವಷ್ಟು ಹೆಚ್ಚುವರಿ ಸೇರಿಸಿ ಮೂವತ್ತು ಅಡಿ ಎಂದಿಟ್ಟುಕೊಳ್ಳಿ. ಈಗ ಎತ್ತರ ನೋಡಿ: ಅಂಚು ಸೇರಿ ಮರದ ಭಾಗದ ಎತ್ತರ 24 ಇಂಚಿನೊಳಗಿದ್ದರೆ 48ರ ರೋಲಿನಲ್ಲಿ, 30ರೊಳಗಿದ್ದರೆ 60ರ ರೋಲಿನಲ್ಲಿ ಎಡ ಬಲ ಎರಡೂ ಅಕ್ಕಪಕ್ಕ ಕೂರುತ್ತವೆ. ಅರ್ಧ ಇಂಚು ಮೀರಿದರೂ ಬದಿಗಳಿಗೆ ಬೇಕಾಗುವ ಉದ್ದ ದುಪ್ಪಟ್ಟು. ಅದಕ್ಕೇ ಆರ್ಡರ್ ಮಾಡುವ ಮೊದಲು ಕೀಳುವ ಮೊದಲು ಗುರುತು ಹಾಕಿಟ್ಟ ಕಾಗದಗಳನ್ನು ನೆಲದ ಮೇಲೆ ಹಾಸಿ ನೋಡಿ. ಎಲ್ಲ ಒಂದೇ ಲಾಟಿನಿಂದ ಬರಲಿ. ಮಡ್‌ಗಾರ್ಡಿನಿಂದ ಕ್ವಾರ್ಟರ್‌ವರೆಗೆ ರೋಲಿನಲ್ಲಿ ಬಂದ ಸಾಲಿನಲ್ಲೇ ಕತ್ತರಿಸಿ, ಗೆರೆ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹರಿಯುತ್ತದೆ. ಪ್ರತಿ ತುಂಡಿನ ಹಿಂದೆ ಬಾಣದ ಗುರುತು ಹಾಕಿ; ತಲೆಕೆಳಗಾದ ತುಂಡು ಬೆಳಕಿಗೆ ಬೇರೆ ಬಣ್ಣವಾಗಿ ಕಾಣಬಹುದು.

ಅಂಟಿಸುವ ದಿನ ತಗಡು 16ರಿಂದ 32 ಡಿಗ್ರಿಯೊಳಗೆ ಇರಲಿ. ಧೂಳಿಲ್ಲದ, ಗಾಳಿ ಬೀಸದ, ನೇರ ಬಿಸಿಲು ಬೀಳದ ಜಾಗ. ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಪಾಲು, ನೀರು ಒಂದು ಪಾಲು ಬೆರೆಸಿ ಒರೆಸಿ, ಆರುವ ಮೊದಲೇ ಒಣ ಬಟ್ಟೆಯಿಂದ ಎತ್ತಿ. ಬಾಗಿಲ ಒಳ ಅಂಚು, ಕೆಳ ಅಂಚು ಮರೆಯಬೇಡಿ, ಶೀಟ್ ಮೊದಲು ಬಿಡುವುದು ಅಲ್ಲೇ. ಬಾಗಿಲ ಕೀಲಿನ ಗ್ರೀಸ್, ಹಳೆ ವ್ಯಾಕ್ಸ್ ಅಲ್ಲಿ ಕೂತಿರುತ್ತದೆ.

ಒದ್ದೆ ಮಾಡಿ ಅಂಟಿಸಬೇಕೋ, ಒಣದಾಗಿಯೋ? ಇದನ್ನು ನಿರ್ಧರಿಸುವುದು ಹಾಳೆಯ ಅಂಟು. ಅಂಟಿನಲ್ಲಿ ಗಾಳಿ ಹೊರಹೋಗುವ ಸಣ್ಣ ಕಾಲುವೆಗಳಿರುವ ಹಾಳೆಯನ್ನು ಒಣದಾಗಿಯೇ ಹಾಕಬೇಕು, ನೀರು ಹೋದರೆ ಆ ಕಾಲುವೆಯಲ್ಲೇ ಉಳಿಯುತ್ತದೆ. ಸಾದಾ ಅಂಟಿನ ಹಾಳೆಗೆ ಒದ್ದೆ ವಿಧಾನ ಅನುಕೂಲ, ಹಾಳೆಯನ್ನು ಜರುಗಿಸಿ ಗೆರೆ ಹೊಂದಿಸಲು ಸಮಯ ಸಿಗುತ್ತದೆ. ಒಂದು ಲೀಟರ್ ನೀರಿಗೆ ಮೂರು ನಾಲ್ಕು ಹನಿ ಬೇಬಿ ಶಾಂಪೂ. ಹೆಚ್ಚು ಹಾಕಿದರೆ ಅಂಟು ಹಿಡಿಯಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ.

ಇಬ್ಬರು ಬೇಕು. ಮುಂಬಾಗಿಲಿನಿಂದ ಶುರುಮಾಡಿ, ಅದು ಸಪಾಟು, ಮಿಕ್ಕ ಭಾಗಗಳ ಗೆರೆಗೆ ಅದೇ ಆಧಾರ. ಹಿಂಬಾಗಿಲು, ಚಕ್ರದ ಕಮಾನು ಇರುವ ಕ್ವಾರ್ಟರ್ ಕೈ ಪಳಗಿದ ಮೇಲೆ. ಹಾಳೆಯನ್ನು ಹಿಂಬದಿ ಕಾಗದದೊಂದಿಗೇ ಜಾಗದಲ್ಲಿ ಹಿಡಿದು ನಡುವೆ ಲಂಬವಾಗಿ ಮಾಸ್ಕಿಂಗ್ ಟೇಪ್ ಹಾಕಿ. ಒಂದು ಅರ್ಧದ ಕಾಗದ ಬಿಡಿಸಿ, ತಗಡಿಗೂ ಅಂಟಿಗೂ ಧಾರಾಳವಾಗಿ ನೀರು ಸಿಂಪಡಿಸಿ, ಮಲಗಿಸಿ. ಹಾಳೆಯ ಮೇಲ್ಮುಖಕ್ಕೂ ನೀರು ಸಿಂಪಡಿಸಿ, ಸ್ಕ್ವೀಜಿ (ನೀರನ್ನು ಒತ್ತಿ ಹೊರತಳ್ಳುವ ಚಪ್ಪಟೆ ಉಪಕರಣ) ಜಾರಲಿ. ನಡುವಿನಿಂದ ಹೊರಕ್ಕೆ, ಒಂದು ಎಳೆತದ ಮೇಲೆ ಇನ್ನೊಂದು ಅರ್ಧ ಬರುವಂತೆ. ಸ್ಕ್ವೀಜಿ ತುದಿಗೆ ಫೆಲ್ಟ್ ಬಟ್ಟೆ ಇರಲಿ. ಆಮೇಲೆ ಟೇಪ್ ತೆಗೆದು ಇನ್ನರ್ಧ.

ತಗಡಿನ ತಗ್ಗು ಬಂದಲ್ಲಿ ಎಲ್ಲರೂ ಎಡವುತ್ತಾರೆ. ಹಾಳೆಯನ್ನು ತಗ್ಗಿನ ಎರಡು ದಡಕ್ಕೂ ಮೊದಲು ಅಂಟಿಸಿ, ಆಮೇಲೆ ಕಾಯಿಸಿ ನಡುವೆ ಒಳಕ್ಕೆ ಒತ್ತುತ್ತಾರೆ. ಆ ಕ್ಷಣಕ್ಕೆ ಕೂರುತ್ತದೆ. ವಾರ ಕಳೆಯುವುದರೊಳಗೆ ಡೇರೆಯಂತೆ ಎದ್ದು ನಿಲ್ಲುತ್ತದೆ, ಹಿಗ್ಗಿದ ಹಾಳೆ ಹಿಂದಕ್ಕೆ ಎಳೆಯುತ್ತದೆ. ಸರಿಯಾದ ದಾರಿ ತಗ್ಗಿನ ತಳಕ್ಕೆ ಮೊದಲು ಹಾಳೆ ಕೂರಿಸಿ, ಅಲ್ಲಿಂದ ದಡದ ಕಡೆಗೆ ಬರುವುದು. ಜೋರಾಗಿ ಎಳೆದರೆ ಗೆರೆಯೂ ಅಗಲವಾಗಿ ಬಣ್ಣ ತಿಳಿಯಾಗುತ್ತದೆ, ಅಲ್ಲಿ ಎಳೆದಿದ್ದಾರೆ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಅಂಚಿಗೆ ಆತುರ ಬೇಡ. ಒದ್ದೆ ಅಂಚನ್ನು ತಿರುವಿದರೆ ನಿಲ್ಲುವುದಿಲ್ಲ. ನೀರು ಪೂರ್ತಿ ಹಿಂಡಿ, ಆರಲು ಬಿಟ್ಟು, ಆಮೇಲೆ ಕಾಯಿಸಿ ಬಾಗಿಲ ಅಂಚು ಸುತ್ತಿ ಅರ್ಧ ಇಂಚು ಒಳಕ್ಕೆ ತಿರುವಿ. ಮೂಲೆಯಲ್ಲಿ ಓರೆಯಾಗಿ ಒಂದು ಕತ್ತರಿ ಕೊಡಬೇಕು, ಆದರೆ ತಗಡಿನ ತುದಿಗೆ ಎರಡು ಮೂರು ಮಿಲಿಮೀಟರ್ ಮುಂಚೆಯೇ ನಿಲ್ಲಿಸಿ. ತುದಿಯವರೆಗೆ ಕೊಯ್ದರೆ ತಗಡಿನ ಮೂಲೆ ಬೆತ್ತಲಾಗುತ್ತದೆ. ಗಾಡಿಯ ಮೇಲೆ ಬ್ಲೇಡ್ ಆಡಿಸುವಾಗ ಹಾಳೆ ಮಾತ್ರ ಕೊಯ್ಯುವಷ್ಟೇ ಒತ್ತಡ ಇರಲಿ. ಬಣ್ಣ ದಾಟಿ ಗೀರಿದರೆ ಆ ಗೀರಿನುದ್ದಕ್ಕೂ ತುಕ್ಕು ಹಾಳೆಯ ಅಡಿಯಲ್ಲಿ ಓಡುತ್ತದೆ. ಬೀಡಿಂಗ್ ಮುಚ್ಚದ ಗಡಿಗಳಿಗೆ ಒಳಗೆ ದಾರವಿರುವ ನೈಫ್‌ಲೆಸ್ ಟೇಪ್ ಬಳಸಿ; ದಾರ ಎಳೆದರೆ ಹಾಳೆ ಕತ್ತರಿಸುತ್ತದೆ, ಬ್ಲೇಡೇ ಬೇಡ.

ಕೊನೆಯಲ್ಲಿ, ಹಿಗ್ಗಿದ, ತಿರುವಿದ, ತಗ್ಗಿಗೆ ಕೂರಿಸಿದ ಎಲ್ಲ ಜಾಗವನ್ನೂ 95ರಿಂದ 105 ಡಿಗ್ರಿಗೆ ಕಾಯಿಸಿ. ಇಲ್ಲೂ ಥರ್ಮಾಮೀಟರ್ ಹಿಡಿದೇ ಮಾಡಿ. ಈ ಕಾವಿಗೆ ಹಾಳೆ ತನ್ನ ಹಳೆ ಆಕಾರ ಬಿಟ್ಟು ಹೊಸದನ್ನು ಹಿಡಿಯುತ್ತದೆ. ಇದನ್ನು ಬಿಟ್ಟ ಗಾಡಿಯ ಅಂಚುಗಳು ಏಳುತ್ತವೆ. ಉಳಿದ ಸಣ್ಣ ನೀರಿನ ಗುಳ್ಳೆಗಳು ಒಂದೆರಡು ವಾರದಲ್ಲಿ ತಾವಾಗಿ ಹೋಗುತ್ತವೆ, ಕೈ ಹಾಕಬೇಡಿ. ಗಾಳಿಯ ಗುಳ್ಳೆಯಾದರೆ ಅದರ ಅಂಚಿನಲ್ಲಿ ಸೂಜಿಯನ್ನು ಓರೆಯಾಗಿ ಚುಚ್ಚಿ ಹೆಬ್ಬೆರಳಿಂದ ಒತ್ತಿ.

ಬೀಡಿಂಗ್ ಮತ್ತೆ ಕೂರಿಸಲು ಎರಡು ದಿನ ಬಿಡಿ. ತಿಳಿ ಮರದ ಬಣ್ಣದ ಪಟ್ಟಿಗಳು ಮಾಸಿದ್ದರೆ ಅವನ್ನು ಹೊರಗಿರುವಾಗಲೇ ಉಜ್ಜಿ, ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರ್, ಬಣ್ಣ, ಬಿಸಿಲು ತಡೆಯುವ ಕ್ಲಿಯರ್ ಹೊಡೆದಿಡಿ. ಕ್ಲಿಪ್ ಎಲ್ಲ ಹೊಸದು. ಪ್ರತಿ ಕಡ್ಡಿಯ ಸುತ್ತ ಬ್ಯೂಟಿಲ್ ಟೇಪಿನ (ಮೆತ್ತನೆಯ ಅಂಟು ರಬ್ಬರ್) ಉಂಗುರ ಸುತ್ತಿ, ನಟ್ ಬಿಗಿದಾಗ ಅದು ಸ್ವಲ್ಪ ಹಿಸುಕಿ ತೂತು ಮುಚ್ಚಬೇಕು. ಸಿಲಿಕಾನ್ ಬೇಡ, ಮುಂದೆ ಬಣ್ಣ ಹಿಡಿಯುವುದಿಲ್ಲ. ನಟ್ ಕೈಯಲ್ಲಿ ತಿರುಗಿಸಿ, ಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು. ಅದಕ್ಕಿಂತ ಬಿಗಿದರೆ ಹಳೆ ಪಟ್ಟಿ ಕಡ್ಡಿಯ ಬುಡದಲ್ಲಿ ಬಿರುಕು ಬಿಡುತ್ತದೆ.

ಮೊದಲ ವಾರ ತೊಳೆಯಬೇಡಿ. ಆಮೇಲೆ ಕೈಯಲ್ಲಿ ತೊಳೆಯುವುದೇ ಒಳ್ಳೆಯದು. ಪ್ರೆಶರ್ ವಾಶ್ ಮಾಡಿಸಿದರೆ ನಳಿಕೆ ಅಂಚಿಗೆ ಓರೆಯಾಗಿ ಹಿಡಿಯದೆ, ಒಂದಡಿಗಿಂತ ದೂರ ಇರಲಿ. ಪೆಟ್ರೋಲಿಯಂ ದ್ರಾವಕವಿರುವ ಪಾಲಿಶ್ ಹಾಕಬೇಡಿ, ಅದು ಪ್ಲಾಸ್ಟಿಸೈಸರನ್ನೇ ಹೊರಗೆಳೆಯುತ್ತದೆ. ಪೆಟ್ರೋಲ್ ಮುಚ್ಚಳದ ಕೆಳಗೆ ಚೆಲ್ಲಿದ್ದನ್ನು ಆಗಲೇ ಒರೆಸಿ. ಉಳಿದ ಶೀಟನ್ನು ಮಡಚದೆ, ಅಗಲ ಕೊಳವೆಗೆ ಮುದ್ರಣ ಹೊರಮುಖವಾಗಿ ಸುತ್ತಿ, ಲಾಟ್ ನಂಬರ್ ಬರೆದು ತಂಪು ಜಾಗದಲ್ಲಿ ನಿಲ್ಲಿಸಿಡಿ. ಕೆಲವು ವರ್ಷದೊಳಗೆ ಒಂದು ಬಾಗಿಲಿಗೆ ಪೆಟ್ಟಾದರೆ ಅದೇ ಬಣ್ಣದ ಅದೇ ಗೆರೆ ಇನ್ನೆಲ್ಲೂ ಸಿಗುವುದಿಲ್ಲ.